ಹಬ್ಬದ ದಿನ ಪಾತ್ರೆ ಮಗುಚಿದಾಗ

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು ಕೇಳಿಸಿತೆಂದು ಭಾವಿಸಿ. ಪಡಸಾಲೆಯಲ್ಲಿ ಕುಳಿತವರ ಬಾಯಿಂದ ಹೊರಡುವ ಮೊದಲ ಮಾತು ಯಾವುದು? ಬಹುತೇಕ ಮನೆಗಳಲ್ಲಿ ಅದು "ಯಾರದು? ಯಾರು ಬೀಳಿಸಿದ್ದು?" ಎಂಬುದೇ. "ಏನಾಯಿತು?" ಎಂದು ಕೇಳುವವರು ಕಡಿಮೆ. "ಕೈಗೇನಾದರೂ ತಗುಲಿತೇ?" ಎಂದು ಕೇಳುವವರು ಇನ್ನೂ ಕಡಿಮೆ. ಒಂದು ಗಾಜಿನ ಲೋಟಕ್ಕೆ ಎಷ್ಟು ಬೆಲೆ ಇದ್ದೀತು? ಆದರೂ ಅದರ ಚೂರುಗಳನ್ನು ಹೆಕ್ಕುವ ಮೊದಲು ನಾವು ಅಪರಾಧಿಯನ್ನು ಹುಡುಕಿ ಮುಗಿಸಿರುತ್ತೇವೆ. ವಿಷಯ ಕ್ಷುಲ್ಲಕವೆಂದು ನಿಮಗೆ ತೋರಬಹುದು. ಆದರೆ ಕೊಲೆ, ವಂಚನೆಗಳಂತಹ ಘೋರ ಅಪರಾಧಗಳಲ್ಲಿ ತೀರ್ಪು ಕೊಡುವ ಸಂದರ್ಭ ನಮ್ಮಲ್ಲಿ ಎಷ್ಟು ಮಂದಿಗೆ ಒದಗುತ್ತದೆ? ನಾವು ನ್ಯಾಯಾಧೀಶರಾಗಿ ಕೂರುವುದು ಚೆಲ್ಲಿದ ಸಾರು, ಸೀದ ಅನ್ನ, ಕಳೆದುಹೋದ ಬೀಗದ ಕೈ ಇವುಗಳ ಮುಂದೆಯೇ. ನಮ್ಮ ನ್ಯಾಯಬುದ್ಧಿ ಎಂಥದೆಂದು ತಿಳಿಯಬೇಕಾದರೆ ಅಲ್ಲಿಯೇ ನೋಡಬೇಕು.

ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುವ ಮಕ್ಕಳ ತರಗತಿಯಲ್ಲಿ "ಪಾಪಕ್ಕೆ ಒಂದು ಉದಾಹರಣೆ ಕೊಡಿ" ಎಂದು ಕೇಳಿ ನೋಡಿ. ಸುಳ್ಳು ಹೇಳುವುದು, ಕದಿಯುವುದು ಎಂಬ ಉತ್ತರಗಳ ನಡುವೆ "ಲೋಟ ಒಡೆಯುವುದು", "ಹಾಲು ಚೆಲ್ಲುವುದು" ಎಂಬ ಉತ್ತರಗಳೂ ಬರುತ್ತವೆ. ಉಪದೇಶಿಗಳು ನಕ್ಕು ಮುಂದೆ ಹೋಗುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ. ಆ ಮಗು ಇದನ್ನು ಧರ್ಮೋಪದೇಶದ ಪುಸ್ತಕದಲ್ಲಿ ಓದಿದ್ದಲ್ಲ, ಮನೆಯವರ ಧ್ವನಿಯಿಂದ ಕಲಿತದ್ದು. ಸುಳ್ಳಿಗೂ ಒಡೆದ ಲೋಟಕ್ಕೂ ಒಂದೇ ಸ್ವರದಲ್ಲಿ ಬೈಗುಳ ಬೀಳುವ ಮನೆಯಲ್ಲಿ ಮಗು ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಅಷ್ಟೇ ಅಲ್ಲ, ಒಡೆದ ಲೋಟವನ್ನು ಮುಚ್ಚಿಡಲು ಸುಳ್ಳು ಒಳ್ಳೆಯ ಉಪಾಯವೆಂಬುದನ್ನೂ ಬೇಗನೆ ಕಂಡುಕೊಳ್ಳುತ್ತದೆ.

ಗುರುಮಠದಲ್ಲಿ ನೀತಿಶಾಸ್ತ್ರ ಕಲಿಯುವವರು ಅರಿಸ್ಟಾಟಲನ ನಿಕೊಮೇಕಿಯನ್ ನೀತಿಶಾಸ್ತ್ರದ ಐದನೆಯ ಭಾಗವನ್ನು ಓದದೆ ಮುಂದೆ ಹೋಗುವಂತಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಆಗುವ ಹಾನಿಯನ್ನು ಆತ ಅಲ್ಲಿ ಬೇರೆ ಬೇರೆಯಾಗಿ ವಿಂಗಡಿಸುತ್ತಾನೆ. ಯಾರೂ ನಿರೀಕ್ಷಿಸಲಾಗದ ರೀತಿಯಲ್ಲಿ ಹಾನಿ ಸಂಭವಿಸಿದರೆ ಅದು ಅವಘಡ. ಯೋಚಿಸಿದ್ದರೆ ನಿರೀಕ್ಷಿಸಬಹುದಾಗಿತ್ತು, ಆದರೆ ಕೆಟ್ಟ ಮನಸ್ಸಿರಲಿಲ್ಲ ಎಂದಾದರೆ ಅದು ತಪ್ಪು. ತಿಳಿದೂ ಮಾಡಿದರೆ ಮಾತ್ರ ಅದು ಅನ್ಯಾಯ. ಹಾಗೆ ತಿಳಿದು ಮಾಡಿದ್ದರಲ್ಲಿಯೂ ಕೋಪದ ಭರದಲ್ಲಿ ಮಾಡಿದ್ದನ್ನು, ಆಲೋಚಿಸಿ ಆರಿಸಿಕೊಂಡು ಮಾಡಿದ್ದನ್ನು ಆತ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶವೂ ಮಾರಕ ಪಾಪಕ್ಕೆ ವಿಷಯ ಗಂಭೀರವಾಗಿರಬೇಕು, ಪೂರ್ಣ ಅರಿವಿರಬೇಕು, ಮನಃಪೂರ್ವಕ ಸಮ್ಮತಿ ಇರಬೇಕು ಎನ್ನುತ್ತದೆ. ಕೈಜಾರಿದ ತಟ್ಟೆಯಲ್ಲಿ ಇವುಗಳಲ್ಲಿ ಒಂದಾದರೂ ಇದೆಯೇ?

ಇಷ್ಟು ಸೂಕ್ಷ್ಮವಾದ ತಕ್ಕಡಿ ನಮ್ಮ ಕೈಯಲ್ಲಿದ್ದರೂ ಮನೆಯಲ್ಲಿ ನಾವು ಬಳಸುವುದು ಬೇರೊಂದನ್ನು. ಅದು ಕೃತ್ಯವನ್ನು ತೂಗುವುದಿಲ್ಲ, ಮುಖವನ್ನು ತೂಗುತ್ತದೆ. ಅತಿಥಿಯ ಕೈಯಿಂದ ಕಾಫಿ ಚೆಲ್ಲಿದರೆ "ಪರವಾಗಿಲ್ಲ ಬಿಡಿ" ಎನ್ನುತ್ತೇವೆ. ಯಜಮಾನರು ಚೆಲ್ಲಿದರೆ ಯಾರೂ ಮಾತಾಡುವುದಿಲ್ಲ, ಯಾರೋ ಬಂದು ಒರೆಸುತ್ತಾರೆ. ಮಗನಾದರೆ "ಪಾಪ, ನೋಡಲಿಲ್ಲ." ಸೊಸೆಯಾದರೆ "ಕಣ್ಣು ಎಲ್ಲಿತ್ತು?" ಕೆಲಸದ ಹುಡುಗಿಯಾದರೆ ತಿಂಗಳ ಸಂಬಳದಲ್ಲಿ ಕಡಿತ. ಚೆಲ್ಲಿದ್ದು ಅದೇ ಕಾಫಿ, ಅದೇ ನೆಲ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಪಾತ್ರೆ ಒಡೆಯುವುದು ಪಾತ್ರೆ ತೊಳೆಯುವ ಕೈಯಿಂದ. ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುವವರ ಕೈಯಿಂದ ವರ್ಷಪೂರ್ತಿ ಒಂದು ಚಮಚವೂ ಬೀಳುವುದಿಲ್ಲ. ಬಿದ್ದದ್ದನ್ನು, ಒಡೆದದ್ದನ್ನು ಎಣಿಸುತ್ತಾ ಹೋದರೆ ಹೆಚ್ಚು ದುಡಿಯುವವರೇ ಹೆಚ್ಚು ತಪ್ಪಿತಸ್ಥರಾಗಿ ಕಾಣಿಸುತ್ತಾರೆ.

ಹಬ್ಬದ ದಿನ ಇದು ಇನ್ನಷ್ಟು ಬಿಗಿಯಾಗುತ್ತದೆ. ಕರಾವಳಿಯಲ್ಲಿಯೂ, ಅಲ್ಲಿಂದ ಘಟ್ಟ ಹತ್ತಿ ಬಂದು ಮಲೆನಾಡಿನಲ್ಲಿ ನೆಲೆಸಿದ ಕುಟುಂಬಗಳಲ್ಲಿಯೂ ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮದಿನವನ್ನು ಮೊಂತಿ ಹಬ್ಬವೆಂದು, ತೆನೆ ಹಬ್ಬವೆಂದು ಆಚರಿಸುವುದನ್ನು ನೀವು ಬಲ್ಲಿರಿ. ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ ಇದು ಆರಂಭವಾಯಿತೆಂಬ ಪ್ರತೀತಿ ಇದೆ. ಒಂಬತ್ತು ದಿನ ಮಕ್ಕಳು ಹೂ ತಂದು ಕನ್ಯಾಮಾತೆಗೆ ಅರ್ಪಿಸುತ್ತಾರೆ. ಹಬ್ಬದಂದು ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ಒಯ್ದು ಪೀಠದ ಮುಂದಿಡುತ್ತಾರೆ. ಬಳಿಕ ಕೆಲವು ಕಾಳುಗಳನ್ನು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥಿಸಿ, ಮನೆಮಂದಿಯೆಲ್ಲ ಸೇವಿಸುತ್ತಾರೆ. ಆಮೇಲೆ ಬಾಳೆ ಎಲೆಯ ಊಟ. ಅಂದು ಮೀನು ಮಾಂಸವಿಲ್ಲ, ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು. ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇರುವವರಿಗೆ ನಾಲ್ಕು ಕಾಳುಗಳನ್ನು ಅಂಚೆ ಲಕೋಟೆಯಲ್ಲಿಟ್ಟು ಕಳುಹಿಸುತ್ತಿದ್ದ ಮನೆಗಳಿದ್ದವು. ಎಷ್ಟು ಸುಂದರವಾದ ಪದ್ಧತಿ! ಆದರೆ ಎಲ್ಲವೂ ಹಿಂದಿನಂತೆಯೇ ನಡೆಯಬೇಕೆಂಬ ದಿನ ಎಲ್ಲರ ಕೈಗಳೂ ಸ್ವಲ್ಪ ನಡುಗುತ್ತವೆ.

ನನಗೆ ಪರಿಚಯವಿದ್ದ ಒಂದು ಮನೆಯ ಪ್ರಸಂಗವನ್ನು ಹೇಳುತ್ತೇನೆ. ಯಾರೆಂದು ಗುರುತು ಸಿಗದಷ್ಟು ವಿವರಗಳನ್ನು ಬದಲಿಸಿದ್ದೇನೆ. ಮದುವೆಯಾಗಿ ಬಂದ ಮೊದಲ ವರ್ಷದ ತೆನೆ ಹಬ್ಬ. ಹೊಸ ಅಕ್ಕಿ ಬೆರೆಸಿದ ಹಾಲನ್ನು ಪೀಠದ ಬಳಿಗೆ ತರುವ ಕೆಲಸ ಸೊಸೆಯ ಪಾಲಿಗೆ ಬಂತು. ಹೊಸಿಲಲ್ಲಿ ಸೀರೆಯ ಸೆರಗು ಸಿಕ್ಕಿತು, ಪಾತ್ರೆ ಮಗುಚಿತು. ಕ್ಷಣಕಾಲ ಮೌನ. ಬಳಿಕ ಅತ್ತೆ ಮೆಲ್ಲನೆ, ಆದರೆ ಎಲ್ಲರಿಗೂ ಕೇಳಿಸುವಂತೆ, "ಈ ಮನೆಯಲ್ಲಿ ಹೀಗೆಂದೂ ಆಗಿರಲಿಲ್ಲ" ಎಂದರು. ಮಂತ್ರಿಸಿದ ತೆನೆ ನೆಲಕ್ಕೆ ಬಿತ್ತು, ವರ್ಷವಿಡೀ ಏನು ಕಾದಿದೆಯೋ ಎಂದು ಬಂಧುವೊಬ್ಬರು ಸೇರಿಸಿದರು. ಅಂದು ಹಾಲಿಲ್ಲದೆಯೇ ಊಟ ನಡೆಯಿತು. ಪೀಠದ ಮೇಲಿದ್ದ ತೆನೆಯಲ್ಲಿ ಇನ್ನೂ ಕಾಳುಗಳಿದ್ದವು, ಅಡುಗೆಮನೆಯಲ್ಲಿ ಹಾಲೂ ಇತ್ತು. ಎಲ್ಲರ ಕಣ್ಣೂ ಹುಡುಗಿಯ ಮೇಲಿದ್ದುದರಿಂದ ಯಾರಿಗೂ ಅವು ಕಾಣಿಸಲಿಲ್ಲ.

ತೆನೆಯ ಆಶೀರ್ವಾದವೆಂದರೆ ದೇವರಿಗೆ ಸಲ್ಲಿಸುವ ಕೃತಜ್ಞತೆ ಮತ್ತು ಪ್ರಾರ್ಥನೆ. ನೆಲಕ್ಕೆ ಬಿದ್ದೊಡನೆ ಶಾಪವಾಗಿ ತಿರುಗುವ ಮಂತ್ರವಸ್ತು ಅದಲ್ಲ. ಇದನ್ನು ಯಾವ ಧರ್ಮಕೇಂದ್ರದ ಗುರುವನ್ನು ಕೇಳಿದರೂ ಹೇಳಿಯಾರು. ಬಲಿಪೂಜೆಯಷ್ಟು ಪವಿತ್ರವಾದ ಆಚರಣೆಯಲ್ಲಿಯೂ ಕೈ ತಪ್ಪುತ್ತದೆಂದು ಧರ್ಮಸಭೆಗೆ ಚೆನ್ನಾಗಿ ಗೊತ್ತು. 1570ರಲ್ಲಿ ಐದನೆಯ ಪಯಸ್ ಜಗದ್ಗುರುಗಳು ಪ್ರಕಟಿಸಿದ ಪೂಜಾಗ್ರಂಥದಲ್ಲಿ ಪೂಜೆಯ ವೇಳೆ ಸಂಭವಿಸಬಹುದಾದ ನ್ಯೂನತೆಗಳಿಗೇ ಒಂದು ಅಧ್ಯಾಯವಿತ್ತು. ಪಾನಪಾತ್ರೆಗೆ ನೊಣವೋ ಜೇಡವೋ ಬಿದ್ದರೆ ಏನು ಮಾಡಬೇಕು? ಚಳಿಗಾಲದಲ್ಲಿ ದ್ರಾಕ್ಷಾರಸ ಹೆಪ್ಪುಗಟ್ಟಿದರೆ ಪಾತ್ರೆಯನ್ನು ಹೇಗೆ ಬೆಚ್ಚಗಾಗಿಸಬೇಕು? ರಸ ಚೆಲ್ಲಿದರೆ ಆ ಜಾಗವನ್ನು ಹೇಗೆ ಶುಚಿಗೊಳಿಸಬೇಕು? ಓದುವಾಗ ನಗು ಬರುವಷ್ಟು ವಿವರವಾಗಿ ಬರೆದಿದ್ದಾರೆ. ಅಜಾಗರೂಕತೆಯ ಮಾತು ಅಲ್ಲಿ ಬರುವುದಿಲ್ಲವೆಂದಲ್ಲ. ಆದರೆ ಪುಟಗಳ ಬಹುಭಾಗ ಮೀಸಲಾಗಿರುವುದು "ಈಗ ಮಾಡಬೇಕಾದದ್ದು ಏನು" ಎಂಬುದಕ್ಕೆ. ಇಂದಿನ ಪೂಜಾಗ್ರಂಥದ ಸೂಚನೆಯಂತೂ ಇನ್ನೂ ಸರಳ. ಪರಮಪ್ರಸಾದ ಕೆಳಗೆ ಬಿದ್ದರೆ ಭಕ್ತಿಯಿಂದ ಎತ್ತಿಕೊಳ್ಳಬೇಕು, ಪವಿತ್ರ ರಕ್ತ ಚೆಲ್ಲಿದರೆ ಆ ಸ್ಥಳವನ್ನು ನೀರಿನಿಂದ ತೊಳೆಯಬೇಕು. ಪೀಠದ ಬಳಿ ಇಷ್ಟು ಸಮಾಧಾನವಿರುವಾಗ ಹೊಸಿಲ ಬಳಿ ನಮಗೇಕೆ ಅಷ್ಟು ಉರಿ?

"ಹಾಗಾದರೆ ಯಾರಿಗೂ ಏನೂ ಹೇಳಬಾರದೇ, ಸ್ವಾಮಿ?" ಎಂದು ತಂದೆ ತಾಯಂದಿರು ಕೇಳುತ್ತಾರೆ. ಹೇಳಬೇಕು. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಕುದಿಯುವ ಪಾಯಸ ಹಿಡಿದು ನಡೆಯುವ ಹುಡುಗನಿಗೆ ಹೇಳದಿದ್ದರೆ ನಾಳೆ ಅವನು ತಂಗಿಯ ಕಾಲು ಸುಟ್ಟಾನು. ಅದು ಅರಿಸ್ಟಾಟಲನ ಎರಡನೆಯ ವರ್ಗಕ್ಕೆ ಸೇರಿದ್ದು, ತಿದ್ದಬೇಕಾದದ್ದು. ಆದರೆ ಸುಟ್ಟ ಜಾಗಕ್ಕೆ ತಣ್ಣೀರು ಹಾಕಿ, ನೆಲ ಒರೆಸಿ, ಊಟ ಮುಗಿದ ಮೇಲೆ, ಅವನೊಬ್ಬನನ್ನೇ ಕರೆದು ಹೇಳಿ. ಒಮ್ಮೆ ಹೇಳಿದರೆ ಸಾಕು.

ಕಾನಾ ಊರಿನ ಮದುವೆಯ ಮನೆಯಲ್ಲಿ ದ್ರಾಕ್ಷಾರಸ ಸಾಲದೆ ಹೋಯಿತು. ಆ ಕಾಲದ ಮದುವೆ ಮನೆಗೆ ಇದು ಸಣ್ಣ ಅವಮಾನವಲ್ಲ. ಲೆಕ್ಕ ತಪ್ಪಿದ್ದು ಮದುಮಗನೋ, ಅವನ ತಂದೆಯೋ, ಕರೆಯದೆ ಬಂದವರೋ? ಸಂತ ಯೊವಾನ್ನರು ನೀರಿನ ಬಾನೆಗಳು ಆರು ಎಂದು ಎಣಿಸಿ ಹೇಳುತ್ತಾರೆ, ಒಂದೊಂದು ಎಷ್ಟು ಹಿಡಿಯುತ್ತಿತ್ತೆಂದೂ ಹೇಳುತ್ತಾರೆ. ಯಾರ ತಪ್ಪೆಂದು ಮಾತ್ರ ಹೇಳುವುದಿಲ್ಲ. ಕೊರತೆಯನ್ನು ಮೊದಲು ಎತ್ತಿ ಹೇಳಿದ ಮಾತೆ ಮರಿಯಮ್ಮನವರೂ "ಅವರಲ್ಲಿ ದ್ರಾಕ್ಷಾರಸ ಮುಗಿದಿದೆ" ಎಂದಷ್ಟೇ ಹೇಳಿ ಸೇವಕರ ಕಡೆಗೆ ತಿರುಗಿದರು. ಊಟಕ್ಕೆ ಕುಳಿತವರಿಗೆ ಕೊರತೆಯಾದದ್ದೇ ತಿಳಿಯಲಿಲ್ಲ.

ಮಲೆನಾಡಿನ ಆ ಮನೆಯಲ್ಲಿ ಹೀಗಾಗಲಿಲ್ಲ. ಏಳೆಂಟು ವರ್ಷಗಳು ಕಳೆದರೂ ಪ್ರತಿ ತೆನೆ ಹಬ್ಬಕ್ಕೆ ಹಾಲು ಬಂದೊಡನೆ "ಆ ವರ್ಷ ಇವಳು..." ಎಂದು ಕತೆ ಆರಂಭವಾಗುತ್ತದೆ. ಪಲ್ಯಗಳ ಬೆಸ ಸಂಖ್ಯೆಯ ಹಾಗೆ ಅದೂ ಮನೆಯ ಸಂಪ್ರದಾಯವಾಗಿಬಿಟ್ಟಿದೆ. ಈಗ ಎಲ್ಲರೂ ನಗುತ್ತಲೇ ಹೇಳುತ್ತಾರೆ, ಅವಳೂ ನಗುತ್ತಾಳೆ. ತನ್ನ ಫಜೀತಿಯನ್ನು ತಾನೇ ಹೇಳಿಕೊಂಡು ನಗುವುದು ಬೇರೆ, ಇನ್ನೊಬ್ಬರ ಫಜೀತಿಯನ್ನು ಅವರ ಎದುರೇ, ಅವರ ಮಕ್ಕಳ ಎದುರೇ ವರ್ಷ ವರ್ಷವೂ ಹೇಳುವುದು ಬೇರೆ. ಒಮ್ಮೆ ಅವಳು ನನ್ನೊಡನೆ, "ಫಾದರ್, ಹಾಲು ಚೆಲ್ಲಿದ್ದು ಒಂದೇ ಸಲ. ಆದರೆ ಪ್ರತಿ ವರ್ಷ ಒರೆಸುತ್ತಿದ್ದೇನೆ" ಎಂದಳು. ಅತ್ತೆಗೆ ಈಗ ವಯಸ್ಸಾಗಿದೆ, ಆಕೆಯಲ್ಲಿ ಇದನ್ನು ಹೇಳುವವರು ಯಾರು ಎಂಬುದು ಅವಳ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಅದು ಅವಳ ಕೆಲಸವಲ್ಲ, ಗುರುವಿನ ಕೆಲಸವೂ ಅಲ್ಲ. ಅವಳ ಗಂಡನ ಕೆಲಸ. ಪಾತ್ರೆ ಮಗುಚಿದ ದಿನ ಅವನು ಪೀಠದ ಬಳಿಯೇ ಇದ್ದ. ಈಗಲೂ ಕತೆ ಶುರುವಾದಾಗ ಅಮ್ಮನ ಪಕ್ಕದಲ್ಲೇ ಕುಳಿತಿರುತ್ತಾನೆ. "ಸಾಕಮ್ಮ, ಹಾಲು ಆರುತ್ತಿದೆ" ಎಂದು ಹೇಳಲು ಅವನಿಗೆ ಅರ್ಧ ನಿಮಿಷವೂ ಬೇಡ.