ಕೊರಳಿಗೆ ಲಿಂಗ ಒಂದೇ, ಪಾಲು ಮಾತ್ರ ಬೇರೆ

ದವನದ ಹುಣ್ಣಿಮೆ ಬಂತೆಂದರೆ ಅಕ್ಕಮಹಾದೇವಿಯ ಭಾವಚಿತ್ರಕ್ಕೆ ಹಾರ ಹಾಕಿ ಓಣಿ ಓಣಿ ಮೆರವಣಿಗೆ ಮಾಡುತ್ತೇವೆ. ಮರುದಿನ ಅದೇ ಓಣಿಯ ಕಟ್ಟೆಯ ಮೇಲೆ ಕೂತು 'ಈಗಿನ ಹೆಣ್ಣುಮಕ್ಕಳದು ಅತಿ ಆಯ್ತು' ಅನ್ನುತ್ತೇವೆ. ಈ ಮಾತು ಮಠದ ಪಡಸಾಲೆಗೂ ಬರುತ್ತದೆ. ಹೇಳುವವರು ಕೆಟ್ಟವರೇನಲ್ಲ, ದುಡಿದು ಉಣ್ಣುವವರು, ದಾಸೋಹಕ್ಕೆ ಜೋಳ ಕಳಿಸುವವರು, ಹೆಣ್ಣುಮಕ್ಕಳ ತಂದೆಯರು. ಆದ್ದರಿಂದ ಇವತ್ತಿನ ಶಿವಾನುಭವದಲ್ಲಿ ಅಕ್ಕನ ಗುಣಗಾನವನ್ನು ಸ್ವಲ್ಪ ಬದಿಗಿಟ್ಟು, ಅವರ ವಾದಗಳಿಗೇ ಹೊತ್ತು ಕೊಡೋಣ ಎಂದುಕೊಂಡಿದ್ದೇನೆ.

'ಇದೆಲ್ಲ ಹೊರದೇಶದ ಸರಕು, ಅಜ್ಜಾರ. ನಮ್ಮ ಸಂಸ್ಕೃತಿಯೊಳಗ ಇರಲಿಲ್ಲ' ಎನ್ನುವುದು ಮೊದಲನೆಯ ವಾದ. ಹನ್ನೆರಡನೆಯ ಶತಮಾನದ ಕಲ್ಯಾಣ ಯಾವ ದೇಶದಲ್ಲಿತ್ತು? ಅಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರು ವಚನ ಬರೆದರು. ಕದಿರ ರೆಮ್ಮವ್ವೆ ನೂಲು ತೆಗೆಯುವವಳು, ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುವವಳು. ಸೂಳೆ ಸಂಕವ್ವೆಯ ಕಾಯಕ ಯಾವುದೆಂದು ಹೆಸರೇ ಹೇಳುತ್ತದೆ. ಅವಳದು ಒಂದೇ ಒಂದು ವಚನ ಉಳಿದು ಬಂದಿದೆ, ಆ ಒಂದನ್ನೂ ಶರಣರು ಬಿಸಾಡದೆ ಕಾಪಾಡಿದರು. ಪಂಚಸೂತಕಗಳನ್ನು ನಮ್ಮ ಧರ್ಮ ಒಪ್ಪಲಿಲ್ಲ, ಅದರಲ್ಲಿ ರಜಸ್ಸೂತಕವೂ ಒಂದು. ಮುಟ್ಟಾದವಳು ಲಿಂಗಪೂಜೆ ಬಿಡಬೇಕಿಲ್ಲ ಎಂದು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದವರ ಮಕ್ಕಳು ನಾವು. ಇವತ್ತು ನಮ್ಮವೇ ಎಷ್ಟೋ ಮನೆಗಳಲ್ಲಿ ಸೊಸೆ ಆ ಮೂರು ದಿನ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಹೊರಗಿನಿಂದ ಬಂದು ಸೇರಿಕೊಂಡದ್ದು ಯಾವುದು, ನೀವೇ ಹೇಳಿ.

ಶರಣರ ಮಾತು ಬೇಡ ಎನ್ನುವವರು ಮೈಸೂರಿನ ಅರಮನೆಗೆ ಹೋಗಲಿ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಹೆಂಡತಿಯಾದವಳು ಹೇಗಿರಬೇಕೆಂದು ಬುದ್ಧಿ ಹೇಳುವ ಪುಸ್ತಕ ಅದು. ಆ ಪುಸ್ತಕದ ನಡುವೆಯೇ, ಹೆತ್ತು ಹೊತ್ತು ಸಾಕಿದವಳು ಹೆಣ್ಣಾಗಿರುವಾಗ ಹೆಣ್ಣೆಂದರೆ ಯಾಕೆ ಮೂಗು ಮುರಿಯುತ್ತೀರಿ ಎಂದು ಅವಳು ಕೇಳಿಬಿಡುತ್ತಾಳೆ. ಅವಳಿಗೆ ಯಾವ ಹೊರದೇಶದವರು ಹೇಳಿಕೊಟ್ಟಿದ್ದರು?

ಇನ್ನು ಬಟ್ಟೆಯ ಮಾತು. 'ಹೆಣ್ಣುಮಕ್ಕಳು ಮೈತುಂಬ ಬಟ್ಟೆ ಹಾಕಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ' ಎನ್ನುವವರು ಅಕ್ಕನ ಜಯಂತಿಗೇ ಬಂದು ಹಾಗೆ ಹೇಳುವುದು ನನಗೆ ಯಾವಾಗಲೂ ಸೋಜಿಗ. ಉಡುತಡಿಯ ದೊರೆ ಕೌಶಿಕನ ಅರಮನೆ ತೊರೆದು, ಕೂದಲನ್ನೇ ಹೊದ್ದು ಕಲ್ಯಾಣದ ಶರಣರ ಸಭೆಗೆ ಬಂದ ಹುಡುಗಿ ಅವಳು. ಮುಂದೆ ಹದಿನೈದನೆಯ ಶತಮಾನದಲ್ಲಿ ಕಟ್ಟಿದ ಶೂನ್ಯಸಂಪಾದನೆಯಲ್ಲಿ ಆ ಪ್ರಸಂಗ ಬಹಳ ವಿಸ್ತಾರವಾಗಿದೆ. ಅಲ್ಲಮಪ್ರಭುಗಳು ಅವಳನ್ನು ಸುಲಭಕ್ಕೆ ಒಳಗೆ ಬಿಡಲಿಲ್ಲ. ನಿನ್ನ ಗಂಡ ಯಾರು ಎಂದು ಕೇಳಿದರು. ಸೀರೆ ಬಿಟ್ಟವಳು ಕೂದಲನ್ನು ಯಾಕೆ ಮರೆಮಾಡಿಕೊಂಡೆ ಎಂದೂ ಕೇಳಿದರು. ತುಂಬಿದ ಸಭೆಯಲ್ಲಿ, ಗಂಡಸರೇ ಹೆಚ್ಚಿದ್ದಲ್ಲಿ, ವಯಸ್ಸಿಗೆ ಬಂದ ಹುಡುಗಿಗೆ ಇಂಥ ಪ್ರಶ್ನೆ. ಅವಳ ಉತ್ತರದ ಸಾರ ಇಷ್ಟು: ಇದು ನನಗೆ ಬೇಕೆಂದಲ್ಲ, ನೋಡುವ ನಿಮಗೆ ನೋವಾದೀತೆಂದು. ಕಣ್ಣಿನ ದೋಷವನ್ನು ಕಣ್ಣುಳ್ಳವರಿಗೇ ಮರಳಿ ಕೊಟ್ಟಳು. ಸಭೆ ಅವಳನ್ನು ಬೈದು ಹೊರಗೆ ಹಾಕಲಿಲ್ಲ. ತಮಗಿಂತ ಚಿಕ್ಕವಳನ್ನು ಎಲ್ಲರೂ ಅಕ್ಕ ಎಂದು ಕರೆದರು.

ನನಗೆ ಈ ಪ್ರಸಂಗದಲ್ಲಿ ದೊಡ್ಡದಾಗಿ ಕಾಣುವುದು ಅವಳ ಜಾಣತನಕ್ಕಿಂತ ಅಲ್ಲಮರ ಸೋಲುವ ಶಕ್ತಿ. ಪ್ರಶ್ನೆ ಕೇಳುವುದನ್ನು ನಾವೆಲ್ಲರೂ ಕಲಿತಿದ್ದೇವೆ. ಉತ್ತರ ಬಂದ ಮೇಲೆ ಒಪ್ಪಿಕೊಳ್ಳುವುದನ್ನು ಕಲಿತಿಲ್ಲ.

'ಪ್ರಕೃತಿಯೇ ಬೇರೆ ಮಾಡಿದೆ, ದೇಹವೇ ಬೇರೆ' ಎಂಬ ವಾದಕ್ಕೆ ಜೇಡರ ದಾಸಿಮಯ್ಯ ಎಂದೋ ಉತ್ತರ ಕೊಟ್ಟಾಗಿದೆ. ಮೊಲೆ ಮುಡಿ ಕಂಡು ಹೆಣ್ಣೆನ್ನುವ, ಗಡ್ಡ ಮೀಸೆ ಕಂಡು ಗಂಡೆನ್ನುವ ಲೆಕ್ಕವನ್ನು ಅವನು ಅಲ್ಲಗಳೆಯಲಿಲ್ಲ. ಒಳಗಿರುವ ಆತ್ಮಕ್ಕೆ ಆ ಲೆಕ್ಕ ತಾಗದು ಎಂದ. ದೇಹ ಬೇರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೆರುವ ದೇಹವಿರುವವಳಿಗೆ ಕಳೆ ತೆಗೆಯುವ ಕೂಲಿ ಕಡಿಮೆ ಯಾಕೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಸಮಾನ ಕೆಲಸಕ್ಕೆ ಸಮಾನ ಕೂಲಿಯ ಕಾಯ್ದೆ 1976ರಲ್ಲೇ ಬಂತು. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಗಂಡಾಳು ಹೆಣ್ಣಾಳಿಗೆ ಒಂದೇ ದರ. ಅದೇ ಊರಿನ ಖಾಸಗಿ ಹೊಲದಲ್ಲಿ ಎರಡು ದರ. ಬದು ದಾಟಿದ ಕೂಡಲೇ ಪ್ರಕೃತಿ ಬದಲಾಗುತ್ತದೆಯೇ?

'ಈಗ ಎಲ್ಲ ಸಮಾನ ಆಗಿದೆಯಲ್ಲ, ಬಸ್ಸೂ ಪುಕ್ಕಟೆ, ತಿಂಗಳಿಗೆ ಎರಡು ಸಾವಿರವೂ ಅವರಿಗೇ' ಎಂದು ನಗುವವರಿದ್ದಾರೆ. 2023ರ ಜೂನ್ 11ರಂದು ಹೆಂಗಸರ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಶುರುವಾದಾಗಿನಿಂದ ಈ ನಗೆಚಾಟಿಕೆ ನಿಂತಿಲ್ಲ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ನಾವು ವಿಧಾನಸಭೆಗೆ ಆರಿಸಿ ಕಳಿಸಿದ 224 ಜನರಲ್ಲಿ ಹೆಣ್ಣುಮಕ್ಕಳು ಹತ್ತು ಮಂದಿ. ಪಂಚಾಯ್ತಿಯಲ್ಲಿ ಅರ್ಧ ಸ್ಥಾನ ಕೊಟ್ಟಿದ್ದೇವೆ, ನಿಜ. ಆದರೆ ಅಧ್ಯಕ್ಷೆಯ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಕೂರುವ ಗಂಡನನ್ನು ನೋಡದವರು ಯಾರು? 2019ರಲ್ಲಿ ಕೇಂದ್ರ ಸರ್ಕಾರ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಲೆಕ್ಕ ಹಾಕಿತು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಮಾಡುವ ಗಂಡಸರೇ ನಾಲ್ವರಲ್ಲಿ ಒಬ್ಬರು ಎಂಬುದನ್ನೂ ಸೇರಿಸಿಕೊಳ್ಳಿ.

ಮಠದವನಾಗಿ ಈ ಮಾತನ್ನು ಇನ್ನೊಬ್ಬರ ಮೇಲೆ ಮಾತ್ರ ಎಸೆಯುವುದು ಸರಿಯಲ್ಲ. 1970ರಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವೇರಿದಾಗ ಅದು ದೊಡ್ಡ ಸುದ್ದಿಯಾಯಿತು. ಸುದ್ದಿಯಾದದ್ದೇ ನಾಚಿಕೆಯ ಸಂಗತಿ. ಎಂಟುನೂರು ವರ್ಷಗಳಿಂದ ಅದು ಮಾಮೂಲಿಯಾಗಿರಬೇಕಿತ್ತು. ನಮ್ಮ ಪೀಠಗಳನ್ನು ಇವತ್ತಿಗೂ ಒಮ್ಮೆ ಎಣಿಸಿ ನೋಡಿ.

ಈಗ ನಾನು ಹಗುರವಾಗಿ ತಳ್ಳಿಹಾಕಲಾರದ ವಾದಕ್ಕೆ ಬರುತ್ತೇನೆ. 'ಗಂಡಸರು ನರಳೋದು ಯಾರಿಗೂ ಕಾಣಂಗಿಲ್ಲೇನ್ರಿ?' ಎಂದು ಕೇಳುತ್ತಾರೆ. ಕಾಣಬೇಕು. ಈ ದೇಶದಲ್ಲಿ ತಾವೇ ಪ್ರಾಣ ಕಳೆದುಕೊಳ್ಳುವ ಹತ್ತು ಜನರಲ್ಲಿ ಏಳು ಮಂದಿ ಗಂಡಸರು. ಅವರಲ್ಲಿ ನಮ್ಮ ಬಯಲುಸೀಮೆಯ ಒಕ್ಕಲಿಗರೂ ಇದ್ದಾರೆ. ಆದರೆ ಅವರನ್ನು ಕೊಂದದ್ದು ಹೆಣ್ಣುಮಕ್ಕಳ ಸಮಾನತೆಯೇ? ಸೊಸೈಟಿ ಸಾಲ ಎಷ್ಟು, ಅಡತಿ ಅಂಗಡಿಯಲ್ಲಿ ತಂದದ್ದೆಷ್ಟು, ಕೈಗಡ ಎಷ್ಟು ಎಂಬುದನ್ನು ಎಷ್ಟೋ ಮನೆಗಳಲ್ಲಿ ಹೆಂಡತಿ ಕೇಳುವುದು ಹೆಣ ಅಂಗಳದಲ್ಲಿರುವಾಗ, ಅದೂ ಬೇರೆಯವರ ಬಾಯಿಂದ. ಗಂಡಸಾದವನು ಅಳಬಾರದು, ಹೆಂಗಸಿಗೆ ಲೆಕ್ಕ ಒಪ್ಪಿಸಬಾರದು, ಸೋತೆ ಅನ್ನಬಾರದು ಎಂದು ನಾವೇ ಕಲಿಸಿದೆವು. ಆ ಭಾರವನ್ನು ಒಬ್ಬನೇ ಹೊತ್ತು ಅವನು ಹಗ್ಗಕ್ಕೆ ಕೈ ಹಾಕಿದ. ಹೆಂಡತಿಯನ್ನು ಕೆಳಗಿಟ್ಟ ಕಟ್ಟಳೆಯೇ ಅವನನ್ನೂ ಒಂಟಿ ಮಾಡಿತು. ಹೊಲದ ಉತಾರ ಇನ್ನೂ ಮಾವನ ಹೆಸರಿನಲ್ಲೇ ಇದ್ದರೆ, ಆಮೇಲೆ ಅವಳು ಕಚೇರಿಯಿಂದ ಕಚೇರಿಗೆ ಅಲೆಯುವ ಪಾಡು ಬೇರೆ.

ಇಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳನ್ನು ನೆನೆಯಬೇಕು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಈ ಕಥೆ ಹೇಳುವಾಗ ಲಕ್ಕಮ್ಮನ ಆಸೆಯಿಲ್ಲದ ಮನಸ್ಸನ್ನೇ ಎಲ್ಲರೂ ಹೊಗಳುತ್ತೇವೆ. ನಾನು ಅದಕ್ಕೂ ಹಿಂದಿನ ಹೆಜ್ಜೆ ನೋಡುತ್ತೇನೆ. ದಿನಕ್ಕೆ ಎಷ್ಟು ಅಕ್ಕಿ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೆಚ್ಚು ಬಂದದ್ದನ್ನು ಕಂಡಳು, ಯಾಕೆಂದು ಕೇಳಿದಳು, ನಮಗೆ ಇಷ್ಟು ಬೇಡ, ಹೋಗಿ ಅಲ್ಲೇ ಸುರಿದು ಬಾ ಎಂದಳು. ಮಾರಯ್ಯ ಮೀಸೆ ತಿರುವಲಿಲ್ಲ, ಹೋಗಿ ಸುರಿದು ಬಂದ. ಅದರಿಂದ ಅವನ ಗಂಡಸುತನ ಕಡಿಮೆಯಾಯಿತೆಂದು ಕಲ್ಯಾಣದಲ್ಲಿ ಯಾರೂ ಆಡಿಕೊಂಡಂತಿಲ್ಲ. ಮನೆಯ ಲೆಕ್ಕ ಹೆಂಡತಿಗೆ ಗೊತ್ತಿದ್ದ ಗಂಡ ಅವನು, ಸಾಲದ ರಾತ್ರಿಯಲ್ಲಿ ಒಬ್ಬನೇ ಎಚ್ಚರವಿರಬೇಕಾದ ಗಂಡನಲ್ಲ.

'ಕಾಯ್ದೆಗಳೆಲ್ಲ ಹೆಂಗಸರ ಕಡೆ, ಸುಳ್ಳು ಕೇಸು ಹಾಕುತ್ತಾರೆ.' ಹಾಕುವವರು ಇದ್ದಾರೆ. ಸುಳ್ಳು ಹೇಳುವ ಹಕ್ಕನ್ನು ನಾನು ಯಾರಿಗೂ ಕೊಡಲಾರೆ. ಸುಪ್ರೀಂ ಕೋರ್ಟೇ 2014ರಲ್ಲಿ, ವರದಕ್ಷಿಣೆ ಕಿರುಕುಳದ ದೂರು ಬಂದ ಕೂಡಲೇ ವಿಚಾರಿಸದೆ ಬಂಧಿಸಬೇಡಿ ಎಂದು ಪೊಲೀಸರಿಗೆ ಕಟ್ಟಪ್ಪಣೆ ಮಾಡಿತು. ಅದು ಸರಿಯೇ. ಈಗ ಇನ್ನೊಂದು ಲೆಕ್ಕ ಕೇಳಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಉಂಡವರು. ಅವರಲ್ಲಿ ಠಾಣೆಯ ಮೆಟ್ಟಿಲು ಹತ್ತಿದವರನ್ನು ನಿಮ್ಮ ಓಣಿಯಲ್ಲಿ ಬೆರಳು ಮಡಚಿ ಎಣಿಸಬಹುದು. ಸುಳ್ಳು ದೂರಿನ ಬಗ್ಗೆ ಸಿಟ್ಟಾಗುವ ನಾವು ಕೊಡದೇ ಹೋದ ನಿಜವಾದ ದೂರುಗಳ ಬಗ್ಗೆ ಅಷ್ಟೇ ಸಿಟ್ಟಾದರೆ, ಆ ಸಿಟ್ಟಿಗೊಂದು ಬೆಲೆ ಬರುತ್ತದೆ.

ಹೆಣ್ಣಿಗೆ ಹೆಣ್ಣೇ ಶತ್ರು ಎನ್ನುವವರಿಗೆ ಒಂದೇ ಮಾತು: ಅತ್ತೆ ಸೊಸೆ ಕಿತ್ತಾಡುವುದು ಅಡುಗೆಮನೆಯ ಬೀಗದ ಕೈಗಾಗಿ, ಹೊಲ, ತಿಜೋರಿ, ಪಂಚಾಯ್ತಿಯ ಬೀಗದ ಕೈ ಇಬ್ಬರಿಗೂ ಸಿಕ್ಕಿರುವುದಿಲ್ಲ.

'ನಾವು ಹೆಣ್ಣನ್ನು ದೇವಿಯೆಂದು ಪೂಜಿಸುವವರು' ಎಂಬುದಕ್ಕೂ ಹೆಚ್ಚು ಹೊತ್ತು ಬೇಡ. 2023ರ ಕೊನೆಗೆ ಮಂಡ್ಯದ ಕಡೆ ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದ ಜಾಲ ಸಿಕ್ಕಿಬಿತ್ತು. ಕಬ್ಬು ಬೆಳೆಯುವ, ದೇವಿಗೆ ಉಡಿ ತುಂಬುವ ಊರುಗಳ ನಡುವೆಯೇ. ಪೂಜೆ ಅಡ್ಡ ಬರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದಕ್ಕೆ ತಲೆಯಾಡಿಸುವುದು ಸುಲಭ. ಕಷ್ಟದ್ದು ಹೊಲದ ಮಾತು. ಉಳಿದ ಎಲ್ಲ ವಾದಗಳ ಬೇರು ಇಲ್ಲೇ ಇದೆ ಎಂದು ನನ್ನ ಅನಿಸಿಕೆ.

'ಹೊಲದಾಗ ಪಾಲು ಕೇಳಿದ್ರ ತವರು ಮನಿ ಬಾಗಲಾ ಮುಚ್ಚತೈತ್ರಿ ಅಜ್ಜಾರ. ಒಳ್ಳೆ ಹೆಣ್ಣುಮಗಳು ಕೇಳಂಗಿಲ್ಲ. ಲಗ್ನದಾಗ ಕೊಟ್ಟೇವಲ್ರಿ.' ಲಗ್ನದಲ್ಲಿ ಕೊಟ್ಟದ್ದು ಅವಳ ಕೈಗೆ ಬರಲಿಲ್ಲ, ಬೀಗರ ಕೈಗೆ ಹೋಯಿತು. ಆ ವರದಕ್ಷಿಣೆಯನ್ನು ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ. ಅಪರಾಧವನ್ನು ತೋರಿಸಿ ಹಕ್ಕನ್ನು ಚುಕ್ತಾ ಮಾಡಿದೆ ಎನ್ನುವುದು ಯಾವ ನ್ಯಾಯ? ಹಿಂದೂ ಉತ್ತರಾಧಿಕಾರ ಕಾಯ್ದೆ ನಮಗೆ ಅನ್ವಯಿಸದು ಎಂದು ಜಾರಿಕೊಳ್ಳುವಂತೆಯೂ ಇಲ್ಲ. 1956ರ ಆ ಕಾಯ್ದೆಯಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದೇ ಬರೆದಿದ್ದಾರೆ. 1994ರಲ್ಲಿ ಕರ್ನಾಟಕ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮ ಪಾಲು ಎಂದಿತು, ಆದರೆ ಅದಾಗಲೇ ಮದುವೆಯಾದವರನ್ನು ಬಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಆ ಅಡ್ಡಿಯೂ ಹೋಯಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಖಚಿತ ಮಾಡಿತು. 2004ರ ಡಿಸೆಂಬರ್ 20ಕ್ಕೂ ಮೊದಲೇ ನೋಂದಣಿಯಾಗಿ ಹಂಚಿಕೆ ಮುಗಿದಿದ್ದರೆ ಅದನ್ನು ಕದಲಿಸುವುದಿಲ್ಲ.

ಕಾಯ್ದೆ ಇಷ್ಟು ಗಟ್ಟಿಯಾದ ಮೇಲೆ ನಾವು ಏನು ಮಾಡಿದೆವು? ಹಕ್ಕು ಬಿಡುಗಡೆ ಪತ್ರ ಕಂಡುಕೊಂಡೆವು. ಅಣ್ಣ ಸೀರೆ ಕೊಡಿಸಿ ತಂಗಿಯನ್ನು ನೋಂದಣಿ ಕಚೇರಿಗೆ ಕರೆತರುತ್ತಾನೆ. ಪತ್ರ ಬರೆಯುವವನು 'ಇಲ್ಲೊಂದು ಸಹಿ ಮಾಡವ್ವಾ' ಅನ್ನುತ್ತಾನೆ. ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಬಿಟ್ಟಿದ್ದೇನೆ ಎಂದು ಕಾಗದದಲ್ಲಿ ಬರೆದಿರುತ್ತದೆ. ಆ ಸಂತೋಷ ಅವಳದೇ ಹೌದೋ ಅಲ್ಲವೋ ಎಂದು ತಿಳಿಯಲು ಅಣ್ಣ ತನ್ನನ್ನೇ ಕೇಳಿಕೊಳ್ಳಬೇಕು: ಅವಳು ಬಿಡುವುದಿಲ್ಲ ಎಂದಿದ್ದರೂ ಪಂಚಮಿಗೆ ಕರೆಯಲು ಹೋಗುತ್ತಿದ್ದೆನೇ? ಹೋಗುತ್ತಿರಲಿಲ್ಲ ಎಂದಾದರೆ, ತವರಿನ ಬಾಗಿಲನ್ನು ಹೊಲಕ್ಕೆ ಮಾರಿದ ಹಾಗಾಯಿತು. ತವರನ್ನು ಮುರಿದವಳು ಅವಳು ಎನ್ನುತ್ತೇವೆ. ಬಾಗಿಲು ಇದ್ದದ್ದು ಯಾರ ಕೈಯಲ್ಲಿ?

ಗಂಡು ಕೂಸಿಗೆ ಕಟ್ಟಿದ ಲಿಂಗವನ್ನೇ ಹೆಣ್ಣು ಕೂಸಿಗೂ ಕಟ್ಟುತ್ತೇವೆ. ಅದರಲ್ಲಿ ಸಣ್ಣದು ದೊಡ್ಡದು ಇಲ್ಲ. ಮದುವೆಯಾಗಿ ಹೋಗುವಾಗ ಲಿಂಗವನ್ನು ತವರಿನಲ್ಲಿ ಬಿಟ್ಟು ಹೋಗು ಎಂದು ಯಾವ ತಂದೆಯೂ ಹೇಳಿಲ್ಲ. ಶಿವನ ಪಾಲಿಗೆ ಕೊನೆಯವರೆಗೂ ಹಕ್ಕುದಾರಳಾದವಳು ಎರಡೆಕರೆ ಎರೆಹೊಲಕ್ಕೆ ಬಂದ ಕೂಡಲೇ ಪರರ ಮನೆಯವಳಾಗುವುದನ್ನು ಯಾವ ವಚನದಿಂದಲೂ ಸಮರ್ಥಿಸಲು ನನಗಾಗದು.

ಈ ವರ್ಷ ತಂಗಿಯಿಂದ ಹಕ್ಕು ಬಿಡುಗಡೆ ಪತ್ರ ಮಾಡಿಸಬೇಕೆಂದಿರುವವರು ಈ ಸಭೆಯಲ್ಲೂ ಇರಬಹುದು. ಹೆಸರು ಕೇಳುವುದಿಲ್ಲ. ಮೊದಲು ಉತಾರ ತೆಗೆಸಿ. ಎಷ್ಟು ಎಕರೆ, ಎಷ್ಟು ಗುಂಟೆ, ಇವತ್ತಿನ ದರ ಎಷ್ಟು, ಅವಳ ಪಾಲಿಗೆ ಬರುವುದೆಷ್ಟು ಎಂಬುದನ್ನು ಅವಳ ಎದುರು ಕೂತು ಓದಿ ಹೇಳಿ. ಅವಳ ಗಂಡನಿಗೆ ಹೇಳಿ ಕೈ ತೊಳೆದುಕೊಳ್ಳಬೇಡಿ. ಯೋಚಿಸಲು ಒಂದು ತಿಂಗಳು ಕೊಡಿ. ಆಮೇಲೂ ಬಿಡುತ್ತೇನೆ ಎಂದರೆ ಬಿಡಲಿ, ಅದು ಅವಳು ಕೊಟ್ಟ ದಾನ, ಹಾಗೆಂದೇ ಊರಲ್ಲಿ ಹೇಳಿ. ತೆಗೆದುಕೊಳ್ಳುತ್ತೇನೆ ಎಂದರೆ ಸರ್ವೆಯವರನ್ನು ಕರೆಸಿ, ಹದ್ದಿನ ಕಲ್ಲು ನೆಡುವಾಗ ಅಣ್ಣಂದಿರೇ ಮುಂದೆ ನಿಲ್ಲಿ. ಶ್ರಾವಣದಲ್ಲಿ ಉಂಡಿ ಕಟ್ಟಿಕೊಂಡು ಎಂದಿನಂತೆ ಕರೆಯಲು ಹೋಗಿ.