ಮನೆಯಲ್ಲಿ ಉಳಿದ ಹನ್ನಳು



ಹನ್ನಳ ಪ್ರಾರ್ಥನೆಯನ್ನು ನಾವೆಲ್ಲರೂ ಬಲ್ಲೆವು. ಅವಳ ಕಣ್ಣೀರಿನ ವಿಷಯವಾಗಿ ಅನೇಕಾವರ್ತಿ ಪ್ರಸಂಗಗಳನ್ನು ಕೇಳಿದ್ದೇವೆ. ಆದರೆ ಸಮುವೇಲನ ಮೊದಲನೆಯ ಪುಸ್ತಕದ ಅದೇ ಮೊದಲನೆಯ ಅಧ್ಯಾಯದಲ್ಲಿ, 21ನೆಯ ವಚನದಿಂದ ಮುಂದಕ್ಕೆ ಬರೆದಿರುವ ಸಂಗತಿಯ ಮೇಲೆ ನಮ್ಮ ಕಣ್ಣು ನಿಲ್ಲುವದು ಅಪರೂಪ. ಎಲ್ಕಾನನು ವರುಷದ ಯಜ್ಞವನ್ನು ಅರ್ಪಿಸುವದಕ್ಕೆ ಮನೆಯವರ ಸಂಗಡ ಶೀಲೋವಿಗೆ ಹೊರಟನು. ಹನ್ನಳು ಹೋಗಲಿಲ್ಲ. ಮಗುವು ಮೊಲೆ ಬಿಡುವ ವರೆಗೂ ತಾನು ಮನೆಯಲ್ಲಿಯೇ ಇರುವೆನೆಂದು ಗಂಡನಿಗೆ ತಿಳಿಸಿದಳು. ಅವನು ಸಿಟ್ಟಾದನೆಂದಾಗಲಿ, ನೆರೆಯವರ ಮಾತಿಗೆ ಅಳುಕಿದನೆಂದಾಗಲಿ ಬರೆದಿಲ್ಲ. ಅವಳಿಗೆ ಸರಿದೋರಿದಂತೆಯೇ ಆಗಲೆಂದು ಒಪ್ಪಿದನು. ದೇವರ ಮಂದಿರದ ಯಾತ್ರೆಯೇ ಒಂದು ಹಸುಗೂಸಿನ ಮೊಲೆಹಾಲಿಗೋಸ್ಕರ ಕಾದಿತೆಂದರೆ, ನಮ್ಮ ಹೊಲದ ಕಳೆ ಕೀಳುವ ಕೆಲಸವು ಕಾಯಬಾರದೋ?

ನಮ್ಮಲ್ಲಿ ನಡೆಯುವದನ್ನು ನೋಡಿರಿ. ಕೊಯ್ಲಿನ ಕಾಲ ಬಂದರೆ ಎರಡು ತಿಂಗಳ ಬಾಣಂತಿಯೂ ಕುಡುಗೋಲು ಹಿಡಿಯುತ್ತಾಳೆ. ಕೂಸು ಮನೆಯಲ್ಲಿ ಎಂಟು ವರುಷದ ಅಕ್ಕನ ಸೊಂಟದಲ್ಲಿ ಅಳುತ್ತಿರುತ್ತದೆ. ಮಧ್ಯಾಹ್ನಕ್ಕೆ ತಾಯಿಯ ರವಿಕೆ ಹಾಲಿನಿಂದ ನೆನೆಯುತ್ತದೆ, ಮೊಲೆ ಕಲ್ಲಿನಂತೆ ಗಟ್ಟಿಯಾಗಿ ನೋಯುತ್ತದೆ; ಆದರೂ ಮನೆಗೆ ಹೋಗಿ ಬರುತ್ತೇನೆಂದು ಕೇಳುವದಕ್ಕೆ ಅವಳಿಗೆ ಬಾಯಿ ಬಾರದು. ಕೆಲವು ವಾರಗಳು ಹೀಗೆ ಕಳೆದ ಮೇಲೆ ಹಾಲು ಇಳಿದುಹೋಗುತ್ತದೆ. ಆಗ ಅತ್ತೆಯು, ಇವಳಿಗೆ ಹಾಲೇ ಸಾಲದು, ಪುಡಿಯ ಹಾಲು ತನ್ನಿರಿ ಎನ್ನುತ್ತಾಳೆ. ಕೂಸು ಚೀಪಿದಷ್ಟೂ ಹಾಲು ಊರುತ್ತದೆ, ಚೀಪದಿದ್ದರೆ ಬತ್ತುತ್ತದೆ. ತಾಯಿಯ ದೇಹವನ್ನು ದೇವರು ಹೀಗೆಯೇ ನಿರ್ಮಿಸಿದ್ದಾನೆ. ಹಾಲನ್ನು ಬತ್ತಿಸಿದವರು ನಾವು, ನಿಂದೆ ಮಾತ್ರ ಅವಳಿಗೆ.

ಮೊದಲು ಬರುವ ಮಂದವಾದ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಸಕ್ಕರೆ ನೀರನ್ನೋ ಜೇನನ್ನೋ ಹರಳೆಣ್ಣೆಯನ್ನೋ ಹಾಕುವ ವಾಡಿಕೆ ಇನ್ನೂ ಕೆಲವು ಮನೆಗಳಲ್ಲಿದೆ. ಹಸು ಕರು ಹಾಕಿದರೆ ಏನು ಮಾಡುತ್ತೇವೆ? ಗಿಣ್ಣುಹಾಲು ಕುಡಿಯದ ಕರು ಏಳಿಗೆಯಾಗದೆಂದು ಬಲ್ಲವರಾಗಿ, ಮೊದಲು ಅದನ್ನು ಕೆಚ್ಚಲಿಗೆ ಬಿಟ್ಟು, ಉಳಿದದ್ದಕ್ಕೆ ಬೆಲ್ಲ ಹಾಕಿ ಕಾಸಿ ತಿನ್ನುತ್ತೇವೆ. ಕರುವಿಗೆ ಸಲ್ಲುವ ನ್ಯಾಯವು ನಮ್ಮ ಮೊಮ್ಮಗುವಿಗೆ ಸಲ್ಲಬಾರದೋ? ಆ ಹಳದಿ ಹಾಲಿನಲ್ಲಿಯೇ ರೋಗವನ್ನು ತಡೆಯುವ ಶಕ್ತಿ ಹೇರಳವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವದೇನಂದರೆ: ಕೂಸು ಹುಟ್ಟಿದ 1 ಗಂಟೆಯೊಳಗೆ ಮೊಲೆಗೆ ಹಾಕಬೇಕು, 6 ತಿಂಗಳು ಮೊಲೆಹಾಲಿನ ಹೊರತು ನೀರನ್ನು ಸಹ ಕೊಡಬಾರದು, ಅನಂತರ ಬೇರೆ ಆಹಾರದ ಸಂಗಡ 2 ವರುಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಮೊಲೆಯೂಡಬೇಕು. ಬೇಸಿಗೆಯಲ್ಲಿ ಕೂಸಿಗೆ ನೀರಡಿಕೆಯಾಗದೇ ಎಂದು ಅಜ್ಜಿಯಂದಿರು ಕೇಳುವರು. ಮೊಲೆಹಾಲಿನ ಬಹುಪಾಲು ನೀರೇ ಆಗಿದೆ. ನೀರು ಬೇಕಾದದ್ದು ಬಾಣಂತಿಗೆ. ಅವಳಿಗೋ ನಾವು ಪಥ್ಯದ ಹೆಸರಿನಲ್ಲಿ ಗುಟುಕು ಲೆಕ್ಕ ಮಾಡಿ ಕೊಡುತ್ತೇವೆ! ಮನೆಯವರೆಲ್ಲರೂ ಉಂಡು ಉಳಿದದ್ದನ್ನು ತಿನ್ನುವವಳು ಇಬ್ಬರಿಗಾಗಿ ಹೇಗೆ ಸಾಕಾದಾಳು?

ರಾಜ್ಯದವರು ಈ ವಿಷಯದಲ್ಲಿ ಸುಮ್ಮನಿರಲಿಲ್ಲವೆಂಬದನ್ನು ಒಪ್ಪಬೇಕು. ಪುಡಿಹಾಲನ್ನೂ ಹಾಲೂಡುವ ಬಾಟಲಿಯನ್ನೂ ಹೊಗಳಿ ಜಾಹೀರಾತು ಮಾಡಕೂಡದೆಂದು 1992ರಲ್ಲಿ ಕಾನೂನಾಯಿತು. ನೌಕರಿಯ ಸ್ತ್ರೀಯರಿಗೆ 12 ವಾರವಿದ್ದ ಹೆರಿಗೆಯ ರಜೆಯು 2017ರಲ್ಲಿ 26 ವಾರಕ್ಕೆ ಏರಿತು. ನಮ್ಮ ಕರ್ನಾಟಕದಲ್ಲಿ ಅದೇ ವರುಷ, ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸುವ ಮಾತೃಪೂರ್ಣ ಯೋಜನೆ ಆರಂಭವಾಯಿತು. ಆದರೆ ದಿನಗೂಲಿಯವಳಿಗೆ ರಜೆ ಕೊಡುವ ಯಜಮಾನನು ಯಾರು? ಅವಳ ಗಂಡನೇ ಎಲ್ಕಾನನಾಗಬೇಕು. ಫರೋಹನ ಮಗಳು ಮೋಶೆಯ ತಾಯಿಗೆ ಮೊಲೆಯೂಡುವದಕ್ಕಾಗಿ ಕೂಲಿ ಕೊಡುವೆನೆಂದಳು. ಅನ್ಯದೇಶದ ರಾಜಪುತ್ರಿಗೆ ಅದು ಕೆಲಸವೆಂದು ತಿಳಿದಿತ್ತು, ನಮಗೆ ಮಾತ್ರ ಅದು ಕುಳಿತಿರುವ ಸೋಮಾರಿತನವಾಗಿ ತೋರುತ್ತದೆ. ನೀರು ಹೊರುವದೂ ಸೌದೆ ತರುವದೂ ಆರು ತಿಂಗಳು ಗಂಡಸರ ಪಾಲಿಗೆ ಬಂದರೆ ಯಾರ ಮಾನವೂ ಹೋಗದು.

ಇಷ್ಟು ಹೇಳಿದ್ದರಿಂದ ಯಾವ ತಾಯಿಯೂ ನೊಂದುಕೊಳ್ಳದಿರಲಿ. ರೋಗದಿಂದಲೋ ಬೇರೆ ಕಾರಣದಿಂದಲೋ ಮೊಲೆಯೂಡಲಾರದವರು ಇದ್ದಾರೆ. ಅವರು ನರ್ಸಮ್ಮನವರನ್ನೋ ವೈದ್ಯರನ್ನೋ ಕೇಳಿ ನಡೆಯಲಿ, ನಾವು ನಮ್ಮ ನಾಲಿಗೆಯನ್ನು ಬಿಗಿಹಿಡಿಯೋಣ.

ನಮ್ಮ ಸಭೆಗಳ ತಪ್ಪನ್ನೂ ಮುಚ್ಚಿಡಲಾರೆವು. ಆರಾಧನೆಯ ನಡುವೆ ಕೂಸು ಅತ್ತರೆ ನಾವು ಹಿಂದಕ್ಕೆ ತಿರುಗಿ ಹುಬ್ಬು ಗಂಟಿಕ್ಕುತ್ತೇವೆ. ತಾಯಿಯು ಎದ್ದು ಹೋಗಿ ಹುಣಸೆಯ ಮರದ ಕೆಳಗೆ, ಬಿಸಿಲು ಬಂದ ಕಡೆಯಿಂದ ನೆರಳಿನ ಕಡೆಗೆ ಸರಿಯುತ್ತಾ ಮೊಲೆಯೂಡುತ್ತಾಳೆ. ಅಷ್ಟರಲ್ಲಿ ಆಶೀರ್ವಾದವೂ ಆಗಿಹೋಗಿರುತ್ತದೆ. ಒಳಗೆ ಬಾಗಿಲ ಬಳಿ, ಗಾಳಿ ಬರುವಲ್ಲಿ, ಗೋಡೆಗೆ ಒರಗಿ ಕೂರುವ ಹಾಗೆ ಒಂದು ಚಾಪೆಯನ್ನೂ ಒಂದು ತಂಬಿಗೆ ನೀರನ್ನೂ ಇಡುವದಕ್ಕೆ ಹೆಚ್ಚು ಖರ್ಚಿಲ್ಲ. ಹಿರಿಯರು ಬರುವ ಆದಿತ್ಯವಾರಕ್ಕೆ ಮುಂಚೆಯೇ ಇದನ್ನು ನೋಡಿಕೊಳ್ಳಲಿ. ಅಳುವಿನಿಂದ ಪ್ರಸಂಗವು ಸ್ವಲ್ಪ ತಡೆದರೆ ತಡೆಯಲಿ.