ಆಯ್ದಕ್ಕಿಯೂ ಹಿಡಿ ಹುರುಳಿಯೂ

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿ ಕೈಕೊಂಡ ಮಾರಯ್ಯನ ಚರಿತೆಯನ್ನು ಕೇಳದ ಭಕ್ತರಿರಲಾರರು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದ ಆ ಶರಣನೂ ಆತನ ಸತಿ ಲಕ್ಕಮ್ಮನೂ ಬಡತನವನ್ನು ವ್ರತವಾಗಿ ನಡೆಸಿದವರು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಉಡಿಯಲ್ಲಿ ಕಟ್ಟಿ ತಂದನು. ಲಕ್ಕಮ್ಮ ತಾಯಿಯು ಅದನ್ನು ಒಳಕ್ಕೆ ಕೊಳ್ಳಲಿಲ್ಲ. ಈ ಆಸೆ ಎಲ್ಲಿಂದ ಬಂದಿತೆಂದು ಪತಿಯನ್ನು ಪ್ರಶ್ನಿಸಿ, ಹೆಚ್ಚಾದುದನ್ನು ಮೊದಲಿದ್ದ ಎಡೆಯಲ್ಲಿಯೇ ಸುರಿದು ಬರುವಂತೆ ಕಳುಹಿದಳು.

ಈ ಪ್ರಸಂಗವನ್ನು ಆಶಾತ್ಯಾಗಕ್ಕೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಅದು ಸರಿಯೇ. ಆದರೆ ಅಕ್ಕಿ ಹೆಚ್ಚಾಯಿತೆಂದು ನೋಡಿದೊಡನೆ ಹೇಳಬೇಕಾದರೆ, ಎಷ್ಟು ಸಾಕೆಂಬುದು ಆ ಗೃಹಿಣಿಗೆ ಮೊದಲೇ ಗೊತ್ತಿರಬೇಕಲ್ಲವೆ? ಮನೆಯ ಇಬ್ಬರಿಗೆಷ್ಟು, ದಾಸೋಹಕ್ಕೆಷ್ಟು ಎಂಬ ಲೆಕ್ಕವು ಆಕೆಯ ಕೈಬೆರಳಿನಲ್ಲಿತ್ತು. ಒಲೆಯ ಮುಂದಣ ಈ ಅಳತೆಯ ಜ್ಞಾನವನ್ನು ಶಿವಾನುಭವದಿಂದ ಹೊರಗಿಟ್ಟು ನೋಡುವುದು ಶರಣರ ಕ್ರಮವಲ್ಲ.

ಇಂದಿನ ಬಡ ಗೃಹಸ್ಥನಿಗೂ ಬೇಕಾದುದು ಈ ಅಳತೆಯೇ. ಆದರೆ ಕೊರತೆಯ ಸ್ವರೂಪವು ಬದಲಾಗಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಅರ್ಹ ಕುಟುಂಬದ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ನಿಯಮಿಸಿತು. ಅದೇ ವರ್ಷ ಕರ್ನಾಟಕದಲ್ಲಿ ಅನ್ನಭಾಗ್ಯ ಯೋಜನೆಯು ಆರಂಭವಾಯಿತು. ಹೀಗೆ ಅಕ್ಕಿಯು ಹೇಗೋ ಮನೆ ಸೇರುತ್ತದೆ. ಕೈಯಲ್ಲಿ ಹಣ ಕುಂದಿದಾಗ ಮೊದಲು ಕುಂದುವುದು ಬೇಳೆ. ಎರಡು ಹಿಡಿ ಹಾಕುವಲ್ಲಿ ಒಂದು ಹಿಡಿ, ಒಂದು ಹಿಡಿಯ ಎಡೆಯಲ್ಲಿ ಅರೆಹಿಡಿ. ಕಡೆಗೆ ಸಾರೆಂಬುದು ಹುಣಿಸೆ ಮೆಣಸಿನಕಾಯಿಗಳ ನೀರಾಗಿ ಉಳಿಯುತ್ತದೆ. ಮಕ್ಕಳ ಹೊಟ್ಟೆ ತುಂಬಿದಂತೆ ತೋರುವುದರಿಂದ ತಾಯಿತಂದೆಗಳು ಈ ನಷ್ಟವನ್ನು ಬೇಗನೆ ಅರಿಯಲಾರರು.

ನಷ್ಟವೇನೆಂಬುದನ್ನು ಆಹಾರಶಾಸ್ತ್ರವು ಸ್ಪಷ್ಟವಾಗಿ ಹೇಳುತ್ತದೆ. ನೂರು ಗ್ರಾಂ ಅಕ್ಕಿಯಲ್ಲಿ ಪ್ರೋಟೀನು 7 ಅಥವಾ 8 ಗ್ರಾಂ. ಅಷ್ಟೇ ತೂಕದ ಬೇಳೆಕಾಳಿನಲ್ಲಿ ಸುಮಾರು 20ರಿಂದ 24 ಗ್ರಾಂ. ಇದಕ್ಕಿಂತಲೂ ಮನನೀಯವಾದ ಸಂಗತಿ ಇನ್ನೊಂದುಂಟು. ಮಾಂಸಖಂಡಗಳನ್ನು ಕಟ್ಟುವ ದ್ರವ್ಯಗಳಲ್ಲಿ ಲೈಸೀನ್ ಎಂಬುದು ಅಕ್ಕಿಯಲ್ಲಿ ಕಡಿಮೆ, ಕಾಳಿನಲ್ಲಿ ಹೇರಳ. ಮೆಥಿಯೊನೀನ್ ಎಂಬುದು ಕಾಳಿನಲ್ಲಿ ಕಡಿಮೆ, ಅಕ್ಕಿಯಲ್ಲಿ ಸಾಕಷ್ಟು. ಒಂದರ ಕುಂದನ್ನು ಮತ್ತೊಂದು ತುಂಬುತ್ತದೆ. ಸತಿಪತಿಗಳೊಂದಾದ ಭಕ್ತಿಯನ್ನು ಕೊಂಡಾಡುವ ಶರಣಧರ್ಮಕ್ಕೆ ಈ ಜೋಡಿಯ ಗುಣವು ಹೊಸದಾಗಿ ತೋರದು. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು ಕೂಡಿದರೆ ಉಚಿತವೆಂದು ಬಲ್ಲವರು ಹೇಳುತ್ತಾರೆ. ಮೂರು ಪಾವು ಅಕ್ಕಿ ಅಳೆಯುವ ಮನೆಯಲ್ಲಿ ಕಾಳು ಒಂದು ಪಾವಿಗೆ ತೀರ ಕೆಳಗಿಳಿಯಬಾರದೆಂದು ಇದರ ಅರ್ಥ.

ಅಷ್ಟು ಬೇಳೆಯನ್ನು ಎಲ್ಲಿಂದ ತರುವುದೆಂದು ಗೃಹಿಣಿಯು ಕೇಳುವುದು ನ್ಯಾಯ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅದರ ರುಚಿ ಶ್ರೇಷ್ಠವೇ. ಆದರೆ ತೊಗರಿಯೊಂದೇ ಬೇಳೆಯಲ್ಲ. ಹುರುಳಿ, ಅಲಸಂದೆ, ಹೆಸರು, ಕಡಲೆ, ಮಾರ್ಗಶಿರ ಪುಷ್ಯಗಳ ಸೊಗಡಿನ ಅವರೆ, ಇವೆಲ್ಲವೂ ಅದೇ ಕಾರ್ಯವನ್ನು ಮಾಡುವವು. ಇವುಗಳಲ್ಲಿ ಹುರುಳಿಯನ್ನು ಕುದುರೆಯ ಮೇವೆಂದು ಹಳಿಯುವವರುಂಟು. ಮಳೆ ಕೈಕೊಟ್ಟ ಕೆಂಪು ನೆಲದಲ್ಲಿಯೂ ಬೆಳೆದು ಒಕ್ಕಲಿನ ಕೈಹಿಡಿಯುವ ಈ ಕಾಳನ್ನು ಹಳಿಯುವುದು ಅನ್ನದ್ರೋಹವೇ ಸರಿ.

ಹುರುಳಿಯನ್ನು ರಾತ್ರಿ ನೆನೆಯಿಟ್ಟು ಬೆಳಗ್ಗೆ ಬೇಯಿಸಿ ಬಸಿದರೆ ಆ ಕಟ್ಟಿನಿಂದ ಸಾರು, ಉಳಿದ ಕಾಳಿನಿಂದ ಪಲ್ಯ. ಒಂದು ಸೌದೆಯ ಖರ್ಚಿನಲ್ಲಿ ಎರಡು ಪದಾರ್ಥ. ಹಳೆಯ ಮೈಸೂರು ಸೀಮೆಯ ಬಸ್ಸಾರಿನ ಯುಕ್ತಿಯೂ ಇದೇ: ಬೇಳೆಯನ್ನೂ ಸೊಪ್ಪನ್ನೂ ಕೂಡಿ ಬೇಯಿಸಿ, ಬಸಿದ ನೀರಿಗೆ ಮಸಾಲೆ ಅರೆದು ಹಾಕುವುದು, ಗಟ್ಟಿಯನ್ನು ಒಗ್ಗರಿಸುವುದು. ನೆನೆದ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳೆಯಿಸಿದರೆ ಜೀರ್ಣಕ್ಕೆ ಹಗುರ. ಕಬ್ಬಿಣಾಂಶವನ್ನು ಬಿಗಿಹಿಡಿಯುವ ಆಮ್ಲವೊಂದು ಕುಗ್ಗುವುದರಿಂದ ರಕ್ತಕ್ಕೂ ಹಿತ. ಮೇಲೆ ಅರ್ಧ ನಿಂಬೆಯನ್ನು ಹಿಂಡಿದರೆ ಆ ಕಬ್ಬಿಣವು ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಹುಣಿಸೆಯನ್ನು ಮಾತ್ರ ಕಾಳು ಬೆಂದ ಬಳಿಕವೇ ಹಾಕಬೇಕು. ಮೊದಲೇ ಹಾಕಿದರೆ ಎಷ್ಟು ಉರಿಸಿದರೂ ಕಾಳು ಬಿರುಸಾಗಿ ಉಳಿದು ಸೌದೆ ವ್ಯರ್ಥವಾಗುತ್ತದೆ. ಅಕ್ಕಿಯ ವಿಷಯದಲ್ಲಿ ಬಿಳುಪಿಗೆ ಮರುಳಾಗುವುದೂ ತರವಲ್ಲ. ತೌಡು ಹೋಗುವಂತೆ ನಯಗೊಳಿಸಿದ ಅಕ್ಕಿಯನ್ನೇ ತಿಂದ ಕೋಳಿಗಳು ನರದ ರೋಗಕ್ಕೆ ತುತ್ತಾದುದನ್ನು ಜಾವಾ ದ್ವೀಪದಲ್ಲಿ ಕಂಡ ಡಚ್ ವೈದ್ಯ ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕರಾವಳಿಯ ಕುಚಲಕ್ಕಿಯ ಗಂಜಿಯನ್ನು ಉಣ್ಣುವವರು ಆ ಸತ್ತ್ವವನ್ನು ಅರಿಯದೆಯೇ ಉಳಿಸಿಕೊಂಡು ಬಂದಿದ್ದಾರೆ.

ಕಾಳಿನ ದಾಸೋಹವು ನೆಲದೊಳಗೂ ನಡೆಯುತ್ತದೆ. ಅದರ ಬೇರಿನ ಗಂಟುಗಳಲ್ಲಿ ನೆಲಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೂ ಮಣ್ಣಿಗೂ ಉಣಿಸುತ್ತವೆ. ಭತ್ತ ಕೊಯ್ದ ಗದ್ದೆಯ ತೇವದಲ್ಲಿ ಉದ್ದು, ಹೆಸರುಗಳನ್ನು ಚೆಲ್ಲುವ ರೈತನು, ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ತೊಗರಿಗಳನ್ನು ಬಿತ್ತುವ ರೈತನು ಇದನ್ನು ಶಾಸ್ತ್ರ ಹುಟ್ಟುವ ಮೊದಲೇ ಬಲ್ಲನು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಅಗ್ಗವಾದುದೆಲ್ಲ ಗ್ರಾಹ್ಯವಲ್ಲ. ಮಧ್ಯಭಾರತದ ರೀವಾ ಸೀಮೆಯಲ್ಲಿ ಜೀತದಾಳುಗಳಿಗೆ ಕೂಲಿಯಾಗಿ ಕೇಸರಿಬೇಳೆಯನ್ನು ಅಳೆದು ಕೊಡುತ್ತಿದ್ದ ಕಾಲವೊಂದಿತ್ತು. ಬರಗಾಲದಲ್ಲಿಯೂ ಬೆಳೆಯುವ ಆ ಬೇಳೆಯನ್ನೇ ತಿಂಗಳುಗಟ್ಟಲೆ ತಿಂದವರ ಕಾಲುಗಳು ಸೆಟೆದು ಅವರು ಜೀವಮಾನಪರ್ಯಂತ ಕುಂಟರಾದರು. 1961ರಲ್ಲಿ ಅದರ ಮಾರಾಟಕ್ಕೆ ನಿಷೇಧ ಬಂದಿತು. ತೊಗರಿಯೊಡನೆ ಅದನ್ನು ಬೆರೆಸುವ ದುರ್ವ್ಯಾಪಾರದ ಭಯವು ಆಮೇಲೂ ಉಳಿಯಿತು. ಆಳಿಗೆ ಅಗ್ಗದ ಬೇಳೆಯನ್ನು ಅಳೆದು ತಾನು ಮೃಷ್ಟಾನ್ನವನ್ನುಂಡ ಒಡೆಯನು ‘ಇದ್ದುದರಲ್ಲಿ ತೃಪ್ತಿಪಡು’ ಎಂದು ಬೋಧಿಸಿದರೆ ಅದು ಶರಣವಾಣಿಯಾಗದು. ಲಕ್ಕಮ್ಮನು ಅಕ್ಕಿಯನ್ನು ಹಿಂದಿರುಗಿಸಿದ್ದು ತನ್ನ ಮನೆಯದು, ತನ್ನ ಇಚ್ಛೆಯಿಂದ. ಪರರ ಉಡಿಯ ಅಕ್ಕಿಯನ್ನು ಆಕೆ ಕಡಿಮೆ ಮಾಡಲಿಲ್ಲ; ಬದಲಾಗಿ, ಆ ಬಡಮನೆಯಿಂದಲೇ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಆರೋಗಣೆಯಾಯಿತೆಂದು ಚರಿತಕಾರರು ಹೇಳುತ್ತಾರೆ.

ಕೊಳ್ಳುವುದರಲ್ಲಿ, ಬೇಯಿಸುವುದರಲ್ಲಿ ತೋರಿದ ವಿವೇಕವು ಬಡಿಸುವುದರಲ್ಲಿ ತಪ್ಪುವುದೇ ಹೆಚ್ಚು. ಮಡಕೆಯಲ್ಲಿ ಕಾಳು ತಳಕ್ಕೆ ಕೂಡುವುದು ಸ್ವಭಾವ. ದುಡಿದು ಬಂದ ಗಂಡಸರಿಗೆ ತಳದಿಂದ ಎತ್ತಿದ ಸೌಟು, ಗಂಡುಮಕ್ಕಳಿಗೆ ಅದರ ಶೇಷ, ಹೆಣ್ಣುಮಕ್ಕಳಿಗೆ ತಿಳಿ. ಬೆಳಗಿನಿಂದ ಒಲೆಯ ಮುಂದೆ ಬೆಂದವಳು ಕಡೆಗೆ ಕೂತಾಗ ಅನ್ನಕ್ಕೆ ಉಪ್ಪು, ಒಂದಿಷ್ಟು ಹುಳಿನೀರು. ಅಕ್ಕಿ ಕಾಳುಗಳ ಜೋಡಿಯಿಂದ ಶರೀರವು ಪುಷ್ಟವಾಗುವುದೆಂಬ ಮಾತು ಆಕೆಯ ಮಟ್ಟಿಗೆ ಸುಳ್ಳಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರೆಂದು ಕಂಡುಬಂದಿತು. ಇದಕ್ಕೆ ಕಾರಣಗಳು ಹಲವು. ಕಡೆಯ ಎಲೆಯೂ ಅವುಗಳಲ್ಲಿ ಒಂದು. ಮಹಾಮನೆಯ ದಾಸೋಹದಲ್ಲಿ ಪಂಕ್ತಿಭೇದವಿರಲಿಲ್ಲವೆಂದು ಹಿಗ್ಗುವವರು ತಮ್ಮ ಅಡುಗೆಮನೆಯ ಪಂಕ್ತಿಯನ್ನು ಒಮ್ಮೆ ನೋಡಬೇಕು. ಪ್ರಸಾದವೆಂದು ಕರೆದ ಮೇಲೆ ಅದರಲ್ಲಿ ಗಟ್ಟಿಯೊಬ್ಬರಿಗೆ ತಿಳಿಯೊಬ್ಬರಿಗೆ ಎಂಬ ವಿಭಾಗವೆಲ್ಲಿಯದು?

ಜಂಗಮನಿಗೆ ಮೀಸಲು ತೆಗೆದಿರಿಸುವ ಮನೆಗಳು ಇಂದಿಗೂ ಉಂಟು. ಆ ಮೀಸಲಿನ ಜೊತೆಯಲ್ಲಿಯೇ, ಮೊದಲ ಎಲೆಗೆ ಬಡಿಸುವ ಮುನ್ನ, ಸೌಟನ್ನು ತಳದವರೆಗೆ ಇಳಿಸಿ ತೊಳಸಿ, ಅಡುಗೆ ಮಾಡಿದವಳ ಹೆಸರಿನಲ್ಲಿ ಒಂದು ಬಟ್ಟಲನ್ನು ಬದಿಗೆ ಇಡಬಹುದು. ಅತ್ತೆಯು ಸೊಸೆಗಾಗಿ ಇಟ್ಟರೆ ಇನ್ನೂ ಲೇಸು. ಬಟ್ಟಲಿನ ಮೇಲೆ ತಟ್ಟೆ ಮುಚ್ಚಿದರಾಯಿತು; ಮಧ್ಯಾಹ್ನದ ಹುರುಳಿ ಪಲ್ಯವು ಆಕೆ ಕೂರುವ ಹೊತ್ತಿಗೆ ಕೆಡುವುದಿಲ್ಲ.